ಯಾರ ಲೆಕ್ಕಕ್ಕೂ ಸೇರದ ನಲವತ್ತು ಮೀಟರ್: ನಗರ ಸಾರಿಗೆಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ನಗರ ಸಾರಿಗೆಯನ್ನು ಯೋಜಿಸುವ, ನಡೆಸುವ ಮತ್ತು ಅದಕ್ಕೆ ಹಣ ಮಂಜೂರು ಮಾಡುವ ಸಂಸ್ಥೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ದಿನವೂ ಮೊದಲು ಒಂದು ಬಸ್ಸು, ಆಮೇಲೆ ಮೆಟ್ರೊ, ಕೊನೆಗೆ ಮತ್ತೊಂದು ಬಸ್ಸು ಹಿಡಿದು ಕೆಲಸಕ್ಕೆ ಹೋಗುವವನು. ಸಂಜೆ ಅದೇ ದಾರಿಯಲ್ಲಿ ಅದೇ ಮೂರು ವಾಹನಗಳಲ್ಲಿ ಮರಳುವವನು. ಈ ವಾಹನಗಳ ಬಗ್ಗೆ ಹೇಳಿಕೊಳ್ಳುವಂಥ ದೂರು ನನಗಿಲ್ಲ. ಮೆಟ್ರೊ ಹೇಳಿದ ಹೊತ್ತಿಗೆ ಬರುತ್ತದೆ. ಬಸ್ಸಿನ ಚಾಲಕರೂ ನಿರ್ವಾಹಕರೂ ಆ ನೂಕುನುಗ್ಗಲಿನಲ್ಲಿಯೂ ತಾಳ್ಮೆಯಿಂದ ತಮ್ಮ ಕೆಲಸ ಮಾಡುತ್ತಾರೆ. ನನ್ನ ದೂರು ಇರುವುದು ಒಂದು ವಾಹನದಿಂದ ಇಳಿದು ಇನ್ನೊಂದನ್ನು ಹತ್ತುವವರೆಗಿನ ಹೊತ್ತಿನ ಬಗ್ಗೆ, ಆ ಹೊತ್ತಿನಲ್ಲಿ ನಾನು ಯಾವ ಸಂಸ್ಥೆಯ ಪ್ರಯಾಣಿಕನೂ ಅಲ್ಲ ಎಂಬುದರ ಬಗ್ಗೆ.

ನಾನು ಇಳಿಯುವ ಮೆಟ್ರೊ ನಿಲ್ದಾಣದ ಬಾಗಿಲಿಗೆ ಬಂದು ನಿಂತರೆ, ಹಿಡಿಯಬೇಕಾದ ಬಸ್ಸು ನಿಲ್ಲುವ ಜಾಗ ಕಣ್ಣೆದುರಿಗೇ ಕಾಣುತ್ತದೆ. ಹೆಚ್ಚೆಂದರೆ ನಲವತ್ತು ಮೀಟರ್. ಆದರೆ ರಸ್ತೆಯ ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿ ಇದೆ. ಅದನ್ನು ದಾಟಲು ಒಂದು ಪಾದಚಾರಿ ಮೇಲ್ಸೇತುವೆ ಇದ್ದು, ಹತ್ತಲು ನಲವತ್ತೆಂಟು ಮೆಟ್ಟಿಲು, ಇಳಿಯಲು ಅಷ್ಟೇ ಮೆಟ್ಟಿಲು. ಕಳೆದ ಮಳೆಗಾಲದ ಒಂದು ಸಂಜೆ ನನ್ನ ಮುಂದೆ ಹಿರಿಯ ಮಹಿಳೆಯೊಬ್ಬರು ಕೈಚೀಲವನ್ನು ಮೊದಲು ಒಂದು ಮೆಟ್ಟಿಲು ಮೇಲಿಟ್ಟು, ಕಂಬಿ ಹಿಡಿದು, ಆಮೇಲೆ ತಾವು ಎರಡೂ ಕಾಲು ಊರಿ ಹತ್ತುತ್ತಿದ್ದರು. ಚೀಲವನ್ನು ನಾನು ಹಿಡಿದುಕೊಂಡೆ. ಇಬ್ಬರೂ ಸೇತುವೆಯ ನಡುಮಧ್ಯಕ್ಕೆ ಬರುವ ಹೊತ್ತಿಗೆ ಕೆಳಗೆ ನಮ್ಮ ಬಸ್ಸು ಬಂತು, ನಿಂತಿತು, ಬಾಗಿಲು ಮುಚ್ಚಿಕೊಂಡು ಹೊರಟಿತು. ಮಳೆಯಲ್ಲಿ ಹೊಳೆಯುತ್ತಿದ್ದ ಅದರ ನೆತ್ತಿಯನ್ನು ಮೇಲಿನಿಂದ ನೋಡುತ್ತ ನಿಂತೆವು. ಮುಂದಿನ ಬಸ್ಸು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅದಕ್ಕೂ ಮೊದಲು ಹನ್ನೆರಡು ಕಿಲೋಮೀಟರ್ ದೂರವನ್ನು ಮೆಟ್ರೊ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಕ್ರಮಿಸಿತ್ತು.

ಆ ಬೇಲಿಯಲ್ಲಿ ಒಂದು ದಾರಿ ಬಿಟ್ಟು, ಅಲ್ಲೊಂದು ಸಿಗ್ನಲ್ ದೀಪ ಹಾಕಿದರೆ ಸಾಕಲ್ಲವೇ ಎಂದು ನಾನು ವಿಚಾರಿಸಿದ್ದುಂಟು. ನಿಲ್ದಾಣದವರು ತಮ್ಮ ಹೊಣೆ ಕೊನೆಯ ಮೆಟ್ಟಿಲಿಗೆ ಮುಗಿಯುತ್ತದೆ ಎಂದರು. ಬಸ್ಸಿನವರು ಬಸ್ಸು ಎಲ್ಲಿ ನಿಲ್ಲಬೇಕೆಂಬುದನ್ನು ನಿಶ್ಚಯಿಸುವವರು ತಾವಲ್ಲ, ಸಂಚಾರ ವಿಭಾಗದವರು ಎಂದರು. ಸಂಚಾರ ವಿಭಾಗದವರು ಬೇಲಿ ರಸ್ತೆ ವಿಭಾಗಕ್ಕೆ ಸೇರಿದ್ದು ಎಂದರು. ರಸ್ತೆ ವಿಭಾಗದವರು, ಮೇಲ್ಸೇತುವೆ ಕಟ್ಟಿಸಿದ ಮೇಲೆ ಕೆಳಗೆ ದಾಟುವುದಕ್ಕೆ ಅವಕಾಶ ಕೊಟ್ಟರೆ ಸೇತುವೆಗೆ ಮಾಡಿದ ಖರ್ಚಿಗೆ ಅರ್ಥವೇನು ಎಂದು ನನ್ನನ್ನೇ ಕೇಳಿದರು. ಇವರಲ್ಲಿ ಯಾರೂ ಒರಟಾಗಿ ಮಾತಾಡಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ನಮ್ಮ ಹಿರಿಯರು ಕೃತಘ್ನ ಪ್ರಯಾಣಿಕನನ್ನು ಕುರಿತು ಹೇಳಿದ್ದರು. ನಗರ ಸಾರಿಗೆಯಲ್ಲಿ ಅದು ತಿರುಗುಮುರುಗಾಗಿದೆ, ದಡ ಮುಟ್ಟಿಸಿದೊಡನೆ ಪ್ರಯಾಣಿಕನ ಹಂಗು ಅಂಬಿಗನಿಗೇ ಉಳಿಯುವುದಿಲ್ಲ.

ಬೇರೆ ಬೇರೆ ಸಾರಿಗೆಗಳನ್ನು ಒಂದಕ್ಕೊಂದು ಜೋಡಿಸಬೇಕು ಎಂಬ ಮಾತು ನಿಮ್ಮ ಎಲ್ಲ ಯೋಜನಾ ವರದಿಗಳಲ್ಲಿಯೂ ಇರುತ್ತದೆ, ಸಾಮಾನ್ಯವಾಗಿ ಕೊನೆಯ ಅಧ್ಯಾಯದಲ್ಲಿ. ಮಾರ್ಗ, ಹಳಿ, ಕಂಬ, ನಿಲ್ದಾಣ, ಬೋಗಿ ಎಲ್ಲದರ ಲೆಕ್ಕ ಮುಗಿದ ಮೇಲೆ, ಉಳಿದ ಹಣದಲ್ಲಿ ಮಾಡಬಹುದಾದ ಅಲಂಕಾರ ಎಂಬಂತೆ ಅದು ಅಲ್ಲಿ ಬಂದು ಕೂರುತ್ತದೆ. ಅದು ಮೊದಲ ಅಧ್ಯಾಯಕ್ಕೆ ಬರಬೇಕು ಮತ್ತು ಅದಕ್ಕೊಬ್ಬ ಹೊಣೆಗಾರರು ಇರಬೇಕು ಎಂದು ಕೇಳುವುದೇ ಈ ಪತ್ರದ ಉದ್ದೇಶ.

ಏಕೆ ಮೊದಲ ಅಧ್ಯಾಯಕ್ಕೆ ಬರಬೇಕೆಂದರೆ, ಪ್ರಯಾಣದ ಹೊತ್ತನ್ನು ಗಡಿಯಾರ ಅಳೆಯುವ ಬಗೆ ಒಂದು, ಪ್ರಯಾಣಿಕರು ಅಳೆಯುವ ಬಗೆ ಇನ್ನೊಂದು. ವಾಹನದೊಳಗೆ ಕುಳಿತು ಕಳೆದ ಹತ್ತು ನಿಮಿಷಕ್ಕಿಂತ ನಿಲ್ದಾಣದಲ್ಲಿ ನಿಂತು ಕಾದ ಹತ್ತು ನಿಮಿಷ ಬಹಳ ದೀರ್ಘವೆನಿಸುತ್ತದೆ ಎಂಬುದು ಸಾರಿಗೆ ಯೋಜಕರಿಗೆ ಹೊಸ ವಿಷಯವಲ್ಲ. ಕಾಯುವ ಮತ್ತು ನಡೆಯುವ ಹೊತ್ತನ್ನು ಸುಮಾರು ಇಮ್ಮಡಿ ಎಂದು ಎಣಿಸುವುದು ಅವರ ಲೆಕ್ಕಾಚಾರದಲ್ಲಿ ಹಳೆಯ ರೂಢಿ. ಹೀಗಿದ್ದೂ ಹಣ ಖರ್ಚಾಗುವುದು ಮಾತ್ರ ವಾಹನದೊಳಗಿನ ನಿಮಿಷಗಳನ್ನು ಉಳಿಸುವುದಕ್ಕೆ. ಹಳಿಯ ಮೇಲೆ ಮೂರು ನಿಮಿಷ ಉಳಿಸಲು ಸುರಂಗ ಕೊರೆಯುತ್ತೇವೆ. ನಿಲ್ದಾಣದ ಹೊರಗೆ ಹನ್ನೆರಡು ನಿಮಿಷ ಉಳಿಸಬಹುದಾದ ಬೇಲಿಯ ಬಾಗಿಲಿಗೆ ಕಡತವೇ ತೆರೆಯುವುದಿಲ್ಲ.

ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರಿದ್ದು. ವೇಳೆ ನೋಡದೆ ನಿಲ್ದಾಣಕ್ಕೆ ಬಂದವರು ಎರಡು ಬಸ್ಸುಗಳ ನಡುವಿನ ಅಂತರದ ಅರ್ಧದಷ್ಟು ಹೊತ್ತನ್ನು ಸರಾಸರಿ ಕಾಯಬೇಕಾಗುತ್ತದೆ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಐದು ನಿಮಿಷ, ಅರ್ಧ ಗಂಟೆಗೊಂದಿದ್ದರೆ ಹದಿನೈದು ನಿಮಿಷ. ನೇರವಾಗಿ ಹೋಗುವವರಿಗೆ ಈ ಕಾಯುವಿಕೆ ಒಮ್ಮೆ ಮಾತ್ರ ಎದುರಾಗುತ್ತದೆ. ಎರಡು ಕಡೆ ವಾಹನ ಬದಲಿಸುವವರಿಗೆ ಮೂರು ಬಾರಿ. ಮೆಟ್ರೊ ಐದು ನಿಮಿಷಕ್ಕೊಂದು ಇದ್ದು, ಅದಕ್ಕೆ ಜನರನ್ನು ತಂದು ಬಿಡಬೇಕಾದ ಫೀಡರ್ ಬಸ್ಸು ನಲವತ್ತು ನಿಮಿಷಕ್ಕೊಂದು ಇದ್ದರೆ, ಮನೆಯಿಂದ ಹೊರಡುವ ವ್ಯಕ್ತಿಯ ಪಾಲಿಗೆ ಆ ಮೆಟ್ರೊ ಕೂಡ ನಲವತ್ತು ನಿಮಿಷಕ್ಕೊಂದೇ. ಇದನ್ನು ಅರಿತವರು ಸ್ವಂತ ಬೈಕಿನ ಬೀಗದ ಕೈ ಎತ್ತಿಕೊಳ್ಳುತ್ತಾರೆ. ಅವರನ್ನು ದೂರಲು ನನಗಂತೂ ಬಾಯಿ ಬರುವುದಿಲ್ಲ.

ಈ ತೊಡಕನ್ನು ಬಿಡಿಸಿದವರು ಇಲ್ಲವೆಂದೇನೂ ಅಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ರೈಲು, ಸುರಂಗ ರೈಲು, ಬಸ್ಸು, ದೋಣಿ ನಡೆಸುವ ಬೇರೆ ಬೇರೆ ಸಂಸ್ಥೆಗಳು 1965ರಲ್ಲಿಯೇ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ನಗರ ಸಾರಿಗೆಯ ಇಂಥ ಒಕ್ಕೂಟಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ಸಂಸ್ಥೆಗಳು ವಿಲೀನವಾಗಲಿಲ್ಲ, ಯಾರ ಬಸ್ಸನ್ನೂ ಯಾರೂ ಕಸಿದುಕೊಳ್ಳಲಿಲ್ಲ. ವೇಳಾಪಟ್ಟಿ ಮತ್ತು ದರಪಟ್ಟಿಯನ್ನು ಒಕ್ಕೂಟ ಒಟ್ಟಿಗೆ ಮಾಡುವುದು, ಟಿಕೆಟ್ಟಿನಿಂದ ಬಂದ ಹಣವನ್ನು ಒಂದು ಕಡೆ ಕೂಡಿಸಿ ಒಪ್ಪಿದ ಸೂತ್ರದ ಪ್ರಕಾರ ಹಂಚಿಕೊಳ್ಳುವುದು, ಇಷ್ಟೇ ಅದರ ತಿರುಳು. ಆಗ ಇನ್ನೂ ಸ್ಮಾರ್ಟ್ ಕಾರ್ಡ್ ಇರಲಿಲ್ಲ, ಮೊಬೈಲ್ ಇರಲಿಲ್ಲ. ಕೆಲಸ ನಡೆದದ್ದು ಕಾಗದದ ಟಿಕೆಟ್ಟಿನ ಮೇಲೆ. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಪ್ರಾಂತ್ಯದ ಒಕ್ಕೂಟ 1990ರಲ್ಲಿ ಆರಂಭವಾಯಿತು. ಅಲ್ಲಿ ಟಿಕೆಟ್ ಕೊಳ್ಳುವುದು ವಾಹನಕ್ಕಲ್ಲ, ವಲಯಕ್ಕೆ. ಆ ವಲಯದೊಳಗೆ ನಿಗದಿತ ಅವಧಿಯವರೆಗೆ ರೈಲಾಗಲಿ, ಟ್ರಾಮ್ ಆಗಲಿ, ಬಸ್ಸಾಗಲಿ, ಸರೋವರದ ದೋಣಿಯಾಗಲಿ, ಅದೇ ಟಿಕೆಟ್ ನಡೆಯುತ್ತದೆ.

ಸ್ವಿಸ್ ರೈಲುಗಳ ವಿಷಯ ಬಂದಾಗ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕಟ್ಟುವ ಕೆಲಸಕ್ಕೂ ಹೊಂದಿಸುವ ಕೆಲಸಕ್ಕೂ ಇರುವ ಸಂಬಂಧ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1982ರಲ್ಲಿ ಆ ದೇಶ ತನ್ನ ರೈಲುಗಳನ್ನು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಓಡುವಂತೆ ಮಾಡಿತು. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ, ಮುಖ್ಯ ಜಂಕ್ಷನ್‌ಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ಬಾರಿಸುವುದಕ್ಕೆ ತುಸು ಮೊದಲು ಬಂದು ಸೇರಬೇಕು, ಗಂಟೆ ಬಾರಿಸಿದ ತುಸು ಹೊತ್ತಿಗೆ ಹೊರಡಬೇಕು, ಆ ನಡುವಿನ ಕೆಲವು ನಿಮಿಷಗಳಲ್ಲಿ ಯಾರು ಯಾವ ರೈಲಿನಿಂದ ಯಾವ ರೈಲಿಗಾದರೂ ಹೋಗುವಂತಿರಬೇಕು ಎಂದು ನಿಶ್ಚಯಿಸಿತು. ಇದಕ್ಕೆ ಅಂಥ ಎರಡು ಜಂಕ್ಷನ್‌ಗಳಾದ ಬರ್ನ್ ಮತ್ತು ಜ್ಯೂರಿಚ್ ನಡುವಿನ ಪ್ರಯಾಣ ಒಂದು ಗಂಟೆಗಿಂತ ತುಸು ಕಡಿಮೆ ಆಗಬೇಕಿತ್ತು, ಆಗ ಅದಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಹಾಗಾಗಿ ಹೊಸ ಮಾರ್ಗ ಕಟ್ಟಿದರು, 2004ರ ಕೊನೆಯಲ್ಲಿ ಅದು ಬಳಕೆಗೆ ಬಂತು. ಇಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ವೇಳಾಪಟ್ಟಿ ಬರೆದರು, ಅದಕ್ಕೆ ಬೇಕಾದಷ್ಟು ಹಳಿಯನ್ನು ಆಮೇಲೆ ಹಾಕಿದರು. ಜರ್ಮನ್ ಭಾಷೆಯ ರೈಲ್ವೆ ಯೋಜಕರಲ್ಲಿ ಒಂದು ಮಾತು ಬಳಕೆಯಲ್ಲಿದೆ: ಕಾಂಕ್ರೀಟಿಗಿಂತ ಮೊದಲು ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಾನಿಕ್ಸ್‌ಗಿಂತ ಮೊದಲು ವ್ಯವಸ್ಥೆ. ನಮ್ಮ ನಗರಗಳಲ್ಲಿ ಕಾಂಕ್ರೀಟ್ ಮೊದಲು, ಆಮೇಲೆ ಆ್ಯಪ್. ವ್ಯವಸ್ಥೆಯ ಸರದಿ ಬರುವಷ್ಟರಲ್ಲಿ ಅಧಿಕಾರಿಗಳ ವರ್ಗಾವಣೆ ಆಗಿರುತ್ತದೆ.

ಇನ್ನು ದರದ ವಿಷಯ. ಪ್ರತಿಯೊಂದು ಸಂಸ್ಥೆಯ ಟಿಕೆಟ್ಟಿನಲ್ಲಿಯೂ ಎರಡು ಪಾಲಿರುತ್ತವೆ, ಹತ್ತಿದ್ದಕ್ಕೆ ಕೊಡಬೇಕಾದ ಕನಿಷ್ಠ ದರ ಮತ್ತು ಆಮೇಲೆ ದೂರಕ್ಕೆ ತಕ್ಕಂತೆ ಏರುವ ದರ. ಮೂರು ವಾಹನಗಳಲ್ಲಿ ಹೋಗುವವರು ಕನಿಷ್ಠ ದರವನ್ನು ಮೂರು ಬಾರಿ ಕೊಡುತ್ತಾರೆ. ಅವರೇನು ವಿನೋದಕ್ಕಾಗಿ ಎರಡು ಕಡೆ ಇಳಿದು ಹತ್ತುವುದಿಲ್ಲ. ನೀವು ಬರೆದ ಮಾರ್ಗನಕ್ಷೆ ಅವರನ್ನು ಇಳಿಸುತ್ತದೆ, ಹತ್ತಿಸುತ್ತದೆ. ಅನೇಕ ಸಲ ಮೆಟ್ರೊ ಆರಂಭವಾದ ಮೇಲೆ ಅದೇ ದಾರಿಯ ನೇರ ಬಸ್ಸುಗಳನ್ನು ಕಡಿಮೆ ಮಾಡಿ, ಅವನ್ನು ಮೆಟ್ರೊ ನಿಲ್ದಾಣಕ್ಕೆ ಜನರನ್ನು ತರುವ ಫೀಡರ್ ಬಸ್ಸುಗಳಾಗಿ ಬದಲಿಸುತ್ತಾರೆ. ತಾತ್ವಿಕವಾಗಿ ಅದು ಸರಿಯೇ: ಒಂದೇ ದಾರಿಯಲ್ಲಿ ಎರಡು ಸೇವೆಗಳನ್ನು ಓಡಿಸುವುದಕ್ಕಿಂತ ಆ ಬಸ್ಸುಗಳು ಒಳಬಡಾವಣೆಗಳಿಗೆ ಹೋಗುವುದು ಒಳ್ಳೆಯದು. ಆದರೆ ನಿನ್ನೆಯವರೆಗೆ ಒಂದು ಟಿಕೆಟ್ಟಿನಲ್ಲಿ ಹೋಗುತ್ತಿದ್ದವರು ಇಂದು ಮೂರು ಕೊಳ್ಳಬೇಕಾಗಿ ಬಂದರೆ, ಅವರ ಪಾಲಿಗೆ ಅದು ಸುಧಾರಣೆಯಲ್ಲ, ದಂಡ. ಆಮೇಲೆ ನಿರೀಕ್ಷಿಸಿದಷ್ಟು ಜನ ಬರುತ್ತಿಲ್ಲ ಎಂದು ಸಭೆ ಕರೆಯುವುದರಲ್ಲಿ ಅರ್ಥವಿಲ್ಲ.

ದಕ್ಷಿಣ ಕೊರಿಯಾದ ಸಿಯೋಲ್ ನಗರ 2004ರ ಜುಲೈ 1ರಂದು ಈ ಗಂಟನ್ನು ಒಂದೇ ದಿನದಲ್ಲಿ ಕತ್ತರಿಸಲು ಹೊರಟಿತು. ಬಸ್ಸುಗಳಿಗೆ ಕೆಲಸಕ್ಕೆ ತಕ್ಕ ಬಣ್ಣ ಬಳಿದರು: ದೂರದ ಮುಖ್ಯ ಮಾರ್ಗಗಳಿಗೆ ನೀಲಿ, ಬಡಾವಣೆಯಿಂದ ಸುರಂಗ ರೈಲಿಗೆ ಜನರನ್ನು ತರುವುದಕ್ಕೆ ಹಸಿರು, ಹೊರವಲಯದಿಂದ ಬರುವ ವೇಗದ ಬಸ್ಸಿಗೆ ಕೆಂಪು, ನಗರಮಧ್ಯದಲ್ಲಿ ಸುತ್ತುವುದಕ್ಕೆ ಹಳದಿ. ಬಸ್ಸಿನಿಂದ ಇಳಿದು ನಿಗದಿತ ಅವಧಿಯೊಳಗೆ ಇನ್ನೊಂದು ಬಸ್ಸನ್ನೋ ಸುರಂಗ ರೈಲನ್ನೋ ಹತ್ತಿದರೆ ಅದು ಹೊಸ ಪ್ರಯಾಣವಲ್ಲ, ಹಳೆಯದರ ಮುಂದುವರಿಕೆ ಎಂದೇ ಕಾರ್ಡ್ ಲೆಕ್ಕ ಹಾಕುತ್ತದೆ. ದರ ನಿಶ್ಚಯವಾಗುವುದು ಒಟ್ಟು ದೂರದ ಮೇಲೆ. ಇದಕ್ಕಿಂತ ಮುಖ್ಯವಾದ, ಪ್ರಯಾಣಿಕರ ಕಣ್ಣಿಗೆ ಬೀಳದ ಬದಲಾವಣೆಯೊಂದಿತ್ತು: ಖಾಸಗಿ ಬಸ್ ಕಂಪನಿಗಳಿಗೆ ಹತ್ತಿಸಿಕೊಂಡ ತಲೆಗಳ ಲೆಕ್ಕದಲ್ಲಲ್ಲ, ಓಡಿಸಿದ ದೂರದ ಲೆಕ್ಕದಲ್ಲಿ ಹಣ ಸಿಗುವಂತಾಯಿತು. ಅದರೊಂದಿಗೆ ಪ್ರಯಾಣಿಕರಿಗಾಗಿ ಪೈಪೋಟಿ ಮಾಡುವ, ಲಾಭದ ಮಾರ್ಗಕ್ಕೇ ಮುಗಿಬೀಳುವ ಕಾರಣವೇ ಇಲ್ಲವಾಯಿತು. ಮೊದಲ ದಿನಗಳಲ್ಲಿ ಕಾರ್ಡ್ ಯಂತ್ರಗಳು ಕೈಕೊಟ್ಟು ಜನ ರೊಚ್ಚಿಗೆದ್ದದ್ದೂ ನಿಜ. ಎಲ್ಲವನ್ನೂ ಒಂದೇ ದಿನ ಬದಲಿಸಬೇಕೆಂದು ನಾನು ಹೇಳುವುದಿಲ್ಲ. ನಗರಸಭೆ ಇಂಥ ಬೈಗುಳ ತಿನ್ನಲು ಸಿದ್ಧವಾಗಿ ನಿಂತಿತ್ತು ಎಂಬುದು ಮಾತ್ರ ನನಗೆ ಮೆಚ್ಚುಗೆಯಾದದ್ದು.

ಇದರ ಜೊತೆಗೆ ಲಂಡನ್ನಿನ ಒಂದು ಪಾಠವನ್ನು ಓದಬೇಕು. ಬಸ್ಸಿಗೂ ಸುರಂಗ ರೈಲಿಗೂ ನಡೆಯುವ ಆಯ್ಸ್ಟರ್ ಕಾರ್ಡ್ ಅಲ್ಲಿ ಬಂದದ್ದು 2003ರಲ್ಲಿ. ಆದರೆ ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೆ ಮತ್ತೆ ಹಣ ಕೊಡಬೇಕಿಲ್ಲ ಎಂಬ ನಿಯಮ ಬಂದದ್ದು 2016ರಲ್ಲಿ. ದಿನವೊಂದರಲ್ಲಿ ಕಡಿತವಾಗುವ ಮೊತ್ತಕ್ಕೆ ಮಿತಿ ಅದಕ್ಕೂ ಮೊದಲೇ ಇತ್ತಾದರೂ, ಒಂದೇ ಕಾರ್ಡಿಗೂ ಬಸ್ಸುಗಳ ಮಟ್ಟಿಗಾದರೂ ಒಂದೇ ದರಕ್ಕೂ ನಡುವೆ ಹದಿಮೂರು ವರ್ಷ ಉರುಳಿದವು. ಆದ್ದರಿಂದ ಎಲ್ಲ ವಾಹನಗಳಿಗೂ ಒಂದೇ ಕಾರ್ಡ್ ಎಂದು ನೀವು ಉದ್ಘಾಟನೆ ಮಾಡುವಾಗ, ಆ ಕಾರ್ಡ್ ಮೂರು ಬಾರಿ ಕನಿಷ್ಠ ದರವನ್ನು ಕಡಿತ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ತಿಳಿಯಬೇಡಿ. ಚಿಲ್ಲರೆಯ ಗೋಜು ತಪ್ಪಿತು ಎಂಬುದು ಸಂತೋಷವೇ; ಆದರೆ ಜೇಬಿಗೆ ಬಿದ್ದ ಹೊರೆ ಅಷ್ಟೇ ಇದೆ.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸ್ಸು, ಟ್ರಾಮ್, ಟ್ಯಾಕ್ಸಿ, ಬಾಡಿಗೆ ಸೈಕಲ್ ಎಲ್ಲವನ್ನೂ ಒಂದೇ ಆ್ಯಪ್‌ನಲ್ಲಿ ತಿಂಗಳ ಚಂದಾ ಮೇಲೆ ಕೊಡುವ ಪ್ರಯತ್ನ ಹೆಲ್ಸಿಂಕಿಯಲ್ಲಿ 2016ರಲ್ಲಿ ವಿಮ್ ಎಂಬ ಹೆಸರಿನಲ್ಲಿ ನಡೆದು ಜಗತ್ತಿನ ಗಮನ ಸೆಳೆಯಿತು. ಅದನ್ನು ನಡೆಸುತ್ತಿದ್ದ ಕಂಪನಿ 2024ರಲ್ಲಿ ದಿವಾಳಿಯಾಯಿತು. ಇದಕ್ಕಿಂತ ಸರಳವಾದ, ಅಗ್ಗವಾದ ಕೆಲಸವೆಂದರೆ ವೇಳಾಪಟ್ಟಿಯನ್ನೂ ವಾಹನ ಈಗ ಎಲ್ಲಿದೆ ಎಂಬ ಮಾಹಿತಿಯನ್ನೂ ಎಲ್ಲರೂ ಬಳಸಬಹುದಾದ ಸಾಮಾನ್ಯ ನಮೂನೆಯಲ್ಲಿ ಪ್ರಕಟಿಸುವುದು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್ 2005ರಲ್ಲಿ ಸೇರಿ ರೂಪಿಸಿದ ಜಿಟಿಎಫ್ಎಸ್ ಎಂಬ ನಮೂನೆ ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಆ ನಮೂನೆಯಲ್ಲಿ ನಿಮ್ಮ ಮಾಹಿತಿಯನ್ನು ಮುಕ್ತವಾಗಿ ಕೊಟ್ಟುಬಿಡಿ, ಆ್ಯಪ್‌ಗಳನ್ನು ಬೇರೆಯವರು ಮಾಡಿಕೊಳ್ಳುತ್ತಾರೆ. ಮೊಬೈಲ್ ಇಲ್ಲದವರಿಗಾಗಿ ನಿಲ್ದಾಣದ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ಹಾಕಿ, ಅದರಲ್ಲಿ ನಿಮ್ಮ ಮಾರ್ಗಗಳನ್ನು ಮಾತ್ರವಲ್ಲ, ಪಕ್ಕದ ಸಂಸ್ಥೆಯ ಮಾರ್ಗಗಳನ್ನೂ ತೋರಿಸಿ.

ವಾಹನ ಬದಲಿಸುವುದೆಂದರೆ ಯಂತ್ರದಿಂದ ಯಂತ್ರಕ್ಕೆ ಹೋಗುವುದು ಮಾತ್ರವಲ್ಲ ಎಂಬುದನ್ನು ಮರೆತ ಕಾರಣಕ್ಕೇ ಅನೇಕ ನಿಲ್ದಾಣಗಳು ದ್ವೀಪಗಳಂತಿವೆ. ಪ್ರತಿಯೊಬ್ಬ ಪ್ರಯಾಣಿಕನೂ ಮೊದಲು ಮತ್ತು ಕೊನೆಗೆ ಪಾದಚಾರಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದ ಚೌಕದ ಅಡಿಯಲ್ಲಿ 12,500 ಸೈಕಲ್‌ಗಳನ್ನು ನಿಲ್ಲಿಸುವ ಜಾಗ 2019ರಲ್ಲಿ ಪೂರ್ಣಗೊಂಡಿತು. ಸೈಕಲ್ ತುಳಿದುಕೊಂಡೇ ಒಳಗೆ ಹೋಗಿ, ನಿಲ್ಲಿಸಿ, ಅಲ್ಲಿಂದಲೇ ರೈಲಿನ ಕಡೆಗೆ ನಡೆಯಬಹುದು. ಮೊದಲ ಇಪ್ಪತ್ನಾಲ್ಕು ಗಂಟೆಗೆ ಹಣವಿಲ್ಲ. ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಬೆಟ್ಟದ ಇಳಿಜಾರಿನ ಬಡ ಬಡಾವಣೆಗಳಿಗೆ ಬಸ್ಸು ಸರಿಯಾಗಿ ಹೋಗಲಾರದು ಎಂಬ ಕಾರಣಕ್ಕೆ 2004ರಲ್ಲಿ ತಂತಿಯ ಮೇಲೆ ತೂಗುವ ಕೇಬಲ್ ಕಾರುಗಳನ್ನು ತಂದರು. ಅಂಥ ಕಾರುಗಳು ಪ್ರವಾಸಿ ತಾಣಗಳಲ್ಲಿ ಬಹಳ ಹಿಂದಿನಿಂದ ಇವೆ. ಅಲ್ಲಿ ಹೊಸದಾಗಿದ್ದದ್ದು ಅವನ್ನು ಮೆಟ್ರೊ ನಡೆಸುವ ಸಂಸ್ಥೆಯೇ ನಡೆಸಿದ್ದು, ಕೇಬಲ್ ಕಾರಿನಿಂದ ಇಳಿದವರು ಅದೇ ನಿಲ್ದಾಣದೊಳಗೆ ಮೆಟ್ರೊ ಹತ್ತುವಂತೆ ಮಾಡಿದ್ದು. ಯಾವ ವಾಹನ ಎಂಬುದು ಅಲ್ಲಿ ಎರಡನೆಯ ಪ್ರಶ್ನೆಯಾಗಿತ್ತು.

ಇಷ್ಟೆಲ್ಲ ಕೇಳಿದ ಮೇಲೆ ನೀವು ಹಣದ ಮಾತು ತೆಗೆಯುವುದು ಸಹಜ. ಒಂದೇ ದರ ಮಾಡಿದರೆ ಆರಂಭದಲ್ಲಿ ಯಾವುದಾದರೂ ಸಂಸ್ಥೆಯ ಆದಾಯ ಇಳಿಯಬಹುದು, ಅದನ್ನು ಯಾರು ತುಂಬಿಕೊಡಬೇಕೆಂಬುದು ನಿಜವಾದ ಪ್ರಶ್ನೆ. ಆದರೆ ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾದವರು ಒಂದೇ ಮೇಜಿನ ಸುತ್ತ ಕುಳಿತದ್ದೇ ಇಲ್ಲವಲ್ಲ. ಬಸ್ಸಿನ ಸಂಸ್ಥೆಯ ವರದಿ ಬಸ್ಸಿನ ಪ್ರಯಾಣಿಕರ ಸಂಖ್ಯೆಯಿಂದ, ಮೆಟ್ರೊ ವರದಿ ಮೆಟ್ರೊ ಪ್ರಯಾಣಿಕರ ಸಂಖ್ಯೆಯಿಂದ ಅಳೆಯಲ್ಪಡುವವರೆಗೆ, ತನ್ನ ಪ್ರಯಾಣಿಕನನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಯಾವ ಅಧಿಕಾರಿಗೂ ನಷ್ಟವಾಗಿಯೇ ಕಾಣುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಕಟ್ಟಡವನ್ನಲ್ಲ, ಅಧಿಕಾರವುಳ್ಳ ಒಂದು ಸಾಮಾನ್ಯ ಪ್ರಾಧಿಕಾರವನ್ನು. ಹೆಸರಿಗೆ ಮಾತ್ರ ಇರುವ, ಮೂರು ತಿಂಗಳಿಗೊಮ್ಮೆ ಸೇರಿ ಚಹಾ ಕುಡಿದು ಚದುರುವ ಸಮನ್ವಯ ಸಮಿತಿಗಳನ್ನು ಬೇಕಾದಷ್ಟು ನೋಡಿದ್ದೇವೆ. ವೇಳಾಪಟ್ಟಿಯನ್ನು ತಿದ್ದುವ, ದರವನ್ನು ನಿಗದಿ ಮಾಡುವ, ಬಸ್ ನಿಲ್ದಾಣವನ್ನು ಎತ್ತಿ ಮೆಟ್ರೊ ಬಾಗಿಲಿಗೆ ತಂದಿಡುವ, ಟಿಕೆಟ್ ಹಣವನ್ನು ಹಂಚುವ ಅಧಿಕಾರ ಕಾನೂನಿನಿಂದಲೇ ಅದಕ್ಕೆ ಬರಬೇಕು.

ಅದು ಆಗುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಕೊನೆಯ ಮೆಟ್ರೊ ಬಂದು ತಲಪುವ ಹೊತ್ತಿಗೂ ಆ ನಿಲ್ದಾಣದಿಂದ ಕೊನೆಯ ಬಸ್ಸು ಹೊರಡುವ ಹೊತ್ತಿಗೂ ತಾಳೆ ಇದೆಯೇ ಎಂದು ನೋಡಲು ಎರಡು ವೇಳಾಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು, ಒಂದು ಮಧ್ಯಾಹ್ನದ ಕೆಲಸ. ಬಸ್ಸು ಐದು ನಿಮಿಷ ಮೊದಲೇ ಹೊರಟುಬಿಡುವುದಾದರೆ, ಸಂಜೆಯ ಪಾಳಿ ಮುಗಿಸಿ ಬರುವ ನರ್ಸ್ ಆಗಲಿ, ಅಂಗಡಿ ಮುಚ್ಚಿ ಬರುವ ಕೆಲಸಗಾರನಾಗಲಿ ಆ ಕೊನೆಯ ಮೆಟ್ರೊವನ್ನೂ ನೆಚ್ಚಿಕೊಳ್ಳುವಂತಿಲ್ಲ. ಕೆಲಸಕ್ಕೆ ಹೋಗುವಾಗಲೇ ಅವರು ಬೇರೆ ದಾರಿ ನೋಡಿಕೊಂಡಿರುತ್ತಾರೆ. ಹಾಗೆಯೇ, ಪ್ರತಿ ಮೆಟ್ರೊ ನಿಲ್ದಾಣದಿಂದ ಅತಿ ಹತ್ತಿರದ ಬಸ್ ನಿಲ್ದಾಣಕ್ಕೆ ಗಾಲಿಕುರ್ಚಿಯಲ್ಲಿರುವವರು ಯಾರ ನೆರವೂ ಇಲ್ಲದೆ ಹೋಗಬಲ್ಲರೇ ಎಂದು ಒಮ್ಮೆ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿ. ಈ ಪರೀಕ್ಷೆಗೆ ಸಲಹಾ ಸಂಸ್ಥೆ ಬೇಡ, ಒಂದು ಗಾಲಿಕುರ್ಚಿ ಬೇಕು.

ಒಂದು ವಾರದ ಮಟ್ಟಿಗೆ ನಿಮ್ಮ ಕಚೇರಿಯ ಕಾರನ್ನು ಬಿಟ್ಟು, ಕನಿಷ್ಠ ಎರಡು ಕಡೆ ವಾಹನ ಬದಲಿಸುವ ದಾರಿಯಲ್ಲಿ ಕಚೇರಿಗೆ ಬನ್ನಿ ಎಂದು ಕೇಳಿಕೊಳ್ಳುವುದು ಅತಿಯಾಗಲಾರದು ಎಂದುಕೊಂಡಿದ್ದೇನೆ. ಪತ್ರಕರ್ತರನ್ನು ಕರೆತರಬೇಡಿ, ಅವರಿದ್ದರೆ ಬಸ್ಸು ನಿಮಗಾಗಿ ಕಾಯುತ್ತದೆ.

ನಾನು ಮೇಲೆ ಹೇಳಿದ ಬೇಲಿ ಇನ್ನೂ ಹಾಗೆಯೇ ಇದೆ. ಅದರ ಎರಡು ಕಂಬಿಗಳನ್ನು ಯಾರೋ ಬಗ್ಗಿಸಿ, ತೆಳ್ಳಗಿನವರು ನುಸುಳಿ ಹೋಗುವಷ್ಟು ಸಂದು ಮಾಡಿದ್ದರು. ಕಳೆದ ತಿಂಗಳು ಅದನ್ನು ಬಹಳ ಅಚ್ಚುಕಟ್ಟಾಗಿ ಬೆಸುಗೆ ಹಾಕಿ ಮುಚ್ಚಲಾಗಿದೆ. ಅಂದರೆ ಆ ಬೇಲಿಗೂ ಒಬ್ಬ ಹೊಣೆಗಾರರು ಇದ್ದಾರೆ, ಅವರಿಗೆ ಅನುದಾನವೂ ಇದೆ, ಬೆಸುಗೆಯ ಯಂತ್ರವೂ ಇದೆ. ಅವರು ಯಾರೆಂದು ನಿಮ್ಮಲ್ಲಿ ಯಾರಾದರೂ ತಿಳಿಸಿದರೆ, ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ತಲಪಿಸುತ್ತೇನೆ.

ಇಂತಿ,
ದಿನಕ್ಕೆ ನಾಲ್ಕು ಬಾರಿ ವಾಹನ ಬದಲಿಸುವ ಒಬ್ಬ ಪ್ರಯಾಣಿಕ